ಬಜಿ ಬೇರಿನ ಘಾಟು

ಮೂರು ತುಂಬಿದ್ರೂ ನನ್ನ ಮೊಮ್ಮಗ ಗವಿಸಿದ್ದೇಶ ಒಂದು ಮಾತೂ ಆಡಿದ್ದಿಲ್ಲ ನೋಡ್ರಿ. ಸೊಸಿ ಅರ್ಚನಾ ದಿನಾ ಕಣ್ಣೀರು ಹಾಕ್ತಿದ್ಲು. ದವಾಖಾನಿಗೆ ತೋರಿಸೋಣ ಅತ್ತಿ ಅಂತ ಗೋಗರೀತಿದ್ಲು. ಸುಮ್ನಿರವ್ವ, ನಿನ್ನ ಗಂಡನೂ ತಡವಾಗೇ ಬಾಯಿ ಬಿಟ್ಟಾನ, ಈಗ ಮುಚ್ಚಸಾಕ ಆಗಂಗಿಲ್ಲ ಅಂತ ನಾನು ಜೋರು ಮಾಡಿದೆ. ಕೊಟ್ಟೂರು ಸಂತ್ಯಾಗ ಬಜಿ ಬೇರು ತಂದೆ. ಅದನ್ನ ತೇಯ್ದು ಜೇನುತುಪ್ಪದಾಗ ಕಲಸಿ ನಾಲಗಿಗೆ ಹಚ್ಚಿದ್ರ ಮಾತು ಬರ್ತಾವ ಅಂತ ನಮ್ಮ ಕಡೆ ನಂಬಿಕಿ. ಚೀನಾದೋರೂ ಇದನ್ನ ಔಷಧಕ್ಕ ಬಳಸ್ತಾರಂತ, ಅಂಗಡಿ ರಾಜಾಸಾಬ್ ಹೇಳಿದ್ದ. ಅವರಿಗೆ ಏನು ಗುಣ ಕೊಟ್ಟೈತೋ ನನಗೇನು ಗೊತ್ತು.

ಒಂದಿನ ಅಂಗಳದಾಗ ಕುಂತು ಬೇರು ತೇಯಾಕ ಹತ್ತಿದ್ದೆ. ಹುಡುಗ ನನಗ ಬೆನ್ನು ಮಾಡಿ ಆಡ್ತಿದ್ದ. ಪಕ್ಕದ ಮನಿ ಬಿಬಿಜಾನ್ ಮಜ್ಜಿಗಿಗೆ ಬಂದೋಳು ನಿಂತು ನೋಡ್ತಿದ್ಲು. ಕಲ್ಲು ಗರಗರ ಅಂದ್ರೂ ಹುಡುಗ ತನ್ನ ಪಾಡಿಗೆ ಆಡ್ತಾನ ಇದ್ದ. ಗಾಳಿಗೆ ಘಾಟು ಬಡಿದ ಕೂಡ್ಲೆ ಮುಖ ಕಿವುಚಿ ಎದ್ದು ಅಂಗಳದ ಆ ತುದಿಗೆ ಓಡಿದ.

"ಅಕ್ಕಾ, ಸಿಟ್ಟಾಗಬ್ಯಾಡ್ರಿ," ಅಂದ್ಲು ಬಿಬಿಜಾನ್. "ಹುಡುಗಗ ವಾಸನಿ ಗೊತ್ತಾಗತೈತಿ, ಸಪ್ಪಳ ಗೊತ್ತಾಗಂಗಿಲ್ಲ."

ಸಿಟ್ಟಾಗದೇ ಇರ್ತೀನೇನು? ಮಜ್ಜಿಗಿ ತಗೊಂಡು ನಡಿ ಅಂದೆ. ಆಕಿ ನಡೀಲಿಲ್ಲ. ಒಳಗ ಹೋಗಿ ತಾಟು ತಂದು, ಹುಡುಗನ ಬೆನ್ನ ಹಿಂದ ನಿಂತು ಚಮಚದಿಂದ ಬಾರಿಸಿದ್ಲು. ಓಣ್ಯಾಗಿನ ನಾಯಿ ಬೊಗಳಿದ್ವು. ನನ್ನ ಕೂಸು ತಿರುಗಿ ನೋಡಲಿಲ್ಲ. ತೇಯೋ ಕಲ್ಲು ಪಕ್ಕಕ್ಕ ಸರಿಸಿದೆ.

ಮರುದಿನಾನೇ ಬಳ್ಳಾರಿಗೆ ಹೋದ್ವಿ. ಅರ್ಚನಾಗ ಧೈರ್ಯ ಹೇಳಾಕ ಬಿಬಿಜಾನೂ ಬಂದ್ಲು. ನಾಲಗಿ ಚಲೋ ಐತಿ, ಕಿವಿ ಮಂದ ಅದಾವ, ಇನ್ನೂ ತಡ ಮಾಡಿದ್ರ ಮಾತು ಕಲಿಸೋದು ಕಷ್ಟ ಆಗ್ತಿತ್ತು ಅಂದ್ರು ಡಾಕ್ಟ್ರು. ಆಮ್ಯಾಲ ಕಿವಿಗೆ ಮಷೀನ್ ಹಾಕಿದ್ರು. ನಾನು ಹಿಂದ ನಿಂತು "ಗವೀ" ಅಂದೆ. ತಿರುಗಿ ನನ್ನ ಮುಖ ನೋಡಿದ. ದವಾಖಾನಿ ಅನ್ನೋ ನಾಚಿಕಿನೂ ಇಲ್ಲದಂಗ ಅತ್ತುಬಿಟ್ಟೆ.

ಬಜಿ ನಾಲಗಿಗೆ ಏನು ಮಾಡ್ತೋ ಬಿಡ್ತೋ, ಅದರ ಘಾಟಿಗೆ ಮಾತ್ರ ಕೈ ಮುಗೀತೀನಿ. ಬಿಬಿಜಾನ್‌ಗೆ ಎಷ್ಟು ಮುಗಿದ್ರೂ ಸಾಲದು. ನನ್ನ ಬಾಯಿಗೆ ಅಂಜಿ ಆಕಿ ಮನಿಗೆ ಹೋಗಿದ್ರ ನಾನು ಇವತ್ತಿಗೂ ಬೇರು ತೇಯ್ತಾನ ಇರ್ತಿದ್ದೆ.

ಮೊನ್ನೆ ಗವಿ ಕಟ್ಟಿ ಮ್ಯಾಲ ನಿಂತು ಮೊದಲನೇ ಸಲ ಮಾತಾಡಿದ. ಅವ್ವ ಅನ್ನಲಿಲ್ಲ, ಅಜ್ಜಿ ಅನ್ನಲಿಲ್ಲ. ಪಕ್ಕದ ಮನಿ ಕಡೆ ಕೈ ಮಾಡಿ "ಬೀಬೀ" ಅಂದ. ಇನ್ನೇನು ಅತ್ತಿ ಸಿಡೀತಾಳ ಅಂತ ಅರ್ಚನಾ ನನ್ನ ಮುಖ ನೋಡಿದ್ಲು.

"ಕರೀಲಿ ಬಿಡವ್ವ," ಅಂದೆ. "ಆ ಮಾತು ಆಕಿಗೇ ಸಲ್ಲಬೇಕು."

ಮತ್ತ ಲಗೂನ ಹೋಗಿ, ರೊಟ್ಟಿ ಬಡಿಯೋದು ಬಿಡಿಸಿ ಹಿಟ್ಟಿನ ಕೈಲೇ ಬಿಬಿಜಾನ್‌ನ ಎಳಕೊಂಡು ಬಂದೆ, ಇನ್ನೊಮ್ಮೆ ಅಂತಾನೇನೋ ಅಂತ.