ಅರವತ್ತೆರಡಕ್ಕೆ ನಿಲ್ಲುವ ವಿಡಿಯೊ

ಸುಟ್ಟ ಕೂದಲಿನ ವಾಸನೆ ಎಂದರೆ ನನಗೆ ಕುಕನೂರಿನ ನಮ್ಮ ಮನೆಯ ಬಚ್ಚಲ ಒಲೆ ನೆನಪಾಗುತ್ತದೆ. ಬಾಚುವಾಗ ಉದುರಿದ ಕೂದಲನ್ನು ಸುತ್ತಿ, ಉಗುಳಿ, ದೂರ ಎಸೆಯಬೇಕಿತ್ತು. ಒಂದೆಳೆ ಒಲೆಗೆ ಬಿದ್ದರೂ ಅಜ್ಜಿಯ ಮುಖ ಬಿಳಿಚಿಕೊಳ್ಳುತ್ತಿತ್ತು. ಕೂದಲು ಸಿಕ್ಕವರು ಮಾಟ ಮಾಡಿಸುತ್ತಾರೆ, ಅದು ಸುಟ್ಟರೆ ಬಸುರಿಗೆ ಕೇಡು ಎನ್ನುತ್ತಿದ್ದಳು. ಮುಂದೆ ನಾನು ಫಿಸಿಕ್ಸ್ ಓದಿದೆ, ಮೂವತ್ತು ವರ್ಷ ಕಲಿಸಿದೆ. ಆ ವಾಸನೆಗೆ ಮಾತ್ರ ಈಗಲೂ ಎದೆ ಝಲ್ಲೆನ್ನುತ್ತದೆ.

ಆ ಬೆಳಿಗ್ಗೆ ಅದು ನನ್ನ ಕಂಪ್ಯೂಟರಿನಿಂದ ಬಂತು.

ನಿವೃತ್ತಿಯ ನಂತರ ವಿಡಿಯೊ ಎಡಿಟಿಂಗ್ ಕಲಿತು, ಕುಷ್ಟಗಿಯ ನಮ್ಮ ಓಣಿಯವರ ಕಾರ್ಯಗಳ ವಿಡಿಯೊ ನಾನೇ ಮಾಡಿಕೊಡುತ್ತೇನೆ. ಪಕ್ಕದ ಮನೆಯ ಗೀತಾಳ ಕುಬಸದ, ಅಂದರೆ ಸೀಮಂತದ, ವಿಡಿಯೊ ಅಂದು ಮುಗಿಯಬೇಕಿತ್ತು. ಅವಳಿಗೆ ಎಂಟನೇ ತಿಂಗಳು. ಹಿಂದೆ ಎರಡು ಸಲ, ಇದೇ ತಿಂಗಳಲ್ಲಿ, ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರ್ ಕೂಸಿನ ಎದೆಬಡಿತ ನಿಂತಿದೆ ಎಂದಿದ್ದರು. ಈ ಸಲದ ಸ್ಕ್ಯಾನ್ ಅಂದೇ ಮಧ್ಯಾಹ್ನ, ಕೊಪ್ಪಳದಲ್ಲಿ. ಹೋಗುವ ಮೊದಲು ಕುಬಸ ನೋಡಿ ಧೈರ್ಯ ತಂದುಕೊಳ್ಳುತ್ತೇನೆಂದು ಬಂದು ಕುಳಿತಿದ್ದಳು.

ಜೋಡಿಸಿದ ತುಣುಕುಗಳನ್ನೆಲ್ಲ ಒಂದೇ ಫೈಲ್ ಮಾಡುವ ಕೆಲಸಕ್ಕೆ ರೆಂಡರ್ ಎನ್ನುತ್ತಾರೆ. ಅದು ಅರವತ್ತೆರಡು ಪರ್ಸೆಂಟಿಗೆ ಬಂತು. ಪರದೆಯ ಮೇಲೆ ಮುತ್ತೈದೆಯರು ಗೀತಾಳ ಉಡಿ ತುಂಬುತ್ತಿದ್ದರು. ಅಷ್ಟರಲ್ಲಿ ಕಂಪ್ಯೂಟರ್ ಆರಿಹೋಯಿತು. ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ಮತ್ತೆ ಹಚ್ಚಿದೆ. ಮತ್ತೆ ಅಲ್ಲೇ ನಿಂತಿತು.

“ನನ್ನ ಉಡಿಗೇ ಯಾಕ ನಿಲ್ತೈತ್ರಿ ಅಮ್ಮಾರ?”

“ಆ ತುಣುಕು ಕೆಟ್ಟಿರಬೇಕು, ತಡಿಯವ್ವ.”

ತುಣುಕನ್ನು ಕ್ಯಾಮೆರಾ ಕಾರ್ಡಿನಿಂದ ಹೊಸದಾಗಿ ತಂದು ಹಾಕಿದೆ. ಎಫೆಕ್ಟುಗಳನ್ನು ತೆಗೆದೆ. ಮೂರನೇ ಸಲವೂ ಅರವತ್ತೆರಡಕ್ಕೇ ನಿಂತಿತು. ವಾಸನೆ ದಟ್ಟವಾಯಿತು. ಪ್ಲಗ್ ಕಿತ್ತು, ಡಬ್ಬಿಯ ಪಕ್ಕದ ಮುಚ್ಚಳ ಬಿಚ್ಚಿದೆ.

ಒಳಗಿನ ಫ್ಯಾನಿಗೆ ಉದ್ದನೆಯ ಕಪ್ಪು ಕೂದಲು ಬೆರಳು ದಪ್ಪ ಸುತ್ತಿಕೊಂಡಿತ್ತು. ತುದಿಗಳು ಸುಟ್ಟು ಮುರುಟಿದ್ದವು.

ಗೀತಾ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಳು. ಬಾಗಿಲಲ್ಲಿ ಬಂದು ನಿಂತ ಅವಳ ಅತ್ತೆ ಹೊಳಿಯಮ್ಮ, “ಯಾರೋ ಮಾಡಿಸ್ಯಾರ” ಎಂದಳು.

“ನಾ ದವಾಖಾನಿಗೆ ಹೋಗಂಗಿಲ್ಲ ಅತ್ತಿ. ಅಲ್ಲಿ ಮಿಷನ್ನೂ ನಿಲ್ತೈತಿ.”

ನಾನಿರುವುದು ಒಬ್ಬಳೇ, ನನ್ನ ಕೂದಲು ಗಿಡ್ಡ, ಬಿಳಿ. ಇದು ಯಾರದ್ದು? ತಾನು ಬಳಸಿದ ಆ ಕಂಪ್ಯೂಟರನ್ನು ಹೋದ ತಿಂಗಳು ನನಗೆ ಮಾರಿದ್ದ ಭಾಗ್ಯನಗರದ ಅಸ್ಲಮನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಎತ್ತಿದ್ದು ಅವನ ತಾಯಿ ಮೆಹಬೂಬಬೀ. ಒಳಗೆ ಕಂಡದ್ದನ್ನು ಹೇಳಿದೆ.

“ಕೂದಲೇನ್ರಿ ಅಕ್ಕಾರ? ನಮ್ಮ ಮನಿ ತುಂಬ ಅದಾವು. ವಿಗ್ಗಿಗೆ ಹೋಗೋ ಕೂದಲ ಬಿಡಿಸಿ ಕಟ್ಟು ಕಟ್ಟೋದ ನಮ್ಮ ಕೆಲಸ. ಅನ್ನದಾಗ ಕೂದಲ, ಚಾದಾಗ ಕೂದಲ. ಒರಸಿ ಕೊಟ್ಟೀನಿ ಅಂದಿದ್ದ ಭಾಡ್ಯಾ, ಹೊರಗಷ್ಟ ಒರಸ್ಯಾನ ನೋಡ್ರಿ!”

“ಮಾಟದ್ದಲ್ಲ ಅಂತ ಹೆಂಗ ನಂಬೂದು?” ಹೊಳಿಯಮ್ಮ ದೂರದಿಂದಲೇ ಕೇಳಿದಳು.

“ಮಾಟಕ್ಕ ಒಂದೆಳಿ ಸಾಕಂತವ್ವ. ಇಷ್ಟ ಹಾಕಿದ್ರ ನಮಗ ಲುಕ್ಸಾನ!” ಆಮೇಲೆ ಮೆಹಬೂಬಬೀ ದನಿ ತಗ್ಗಿಸಿ, “ಇಷ್ಟ ಅಂಜೀರಿ ಅಂದ್ರ ಮನ್ಯಾಗ ಬಸುರಿ ಅದಾಳೇನು? ಅಂಜಬ್ಯಾಡ ಮಗಳ, ಎಲ್ಲಾ ಛಲೋ ಆಕ್ಕೈತಿ” ಎಂದಳು.

ಗೀತಾ ಮಾತ್ರ ಅಲುಗಲಿಲ್ಲ. “ಕೂದಲ ಅವರದ ಇರಲಿ. ನನ್ನ ಉಡಿಗೇ ಯಾಕ ನಿಂತಿತು?”

ಸರಿಯಾದ ಪ್ರಶ್ನೆ. ಬಾಯಿಮಾತಿನ ಉತ್ತರ ಸಾಲದು. ಕೂದಲನ್ನು ಹಾಗೇ ಬಿಟ್ಟು ಮುಚ್ಚಳ ಹಾಕಿದೆ. ಉಡಿ ತುಂಬುವ ತುಣುಕನ್ನು ವಿಡಿಯೊದ ಮೊದಲಿಗೆ ತಂದೆ. ತಪ್ಪು ಆ ಚಿತ್ರದ್ದಾದರೆ ಯಂತ್ರ ಈಗಲೇ ನಿಲ್ಲಬೇಕು. ಫ್ಯಾನ್ ತಿರುಗದೆ ಕಾವೇರಿದ್ದಾದರೆ ಅಷ್ಟೇ ಹೊತ್ತಿಗೆ, ಬೇರೆ ಚಿತ್ರದ ಮೇಲೆ ನಿಲ್ಲಬೇಕು. ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ ರೆಂಡರ್ ಹಚ್ಚಿದೆ. ಆರಂಭದಲ್ಲೇ ನಿಂತುಬಿಟ್ಟರೆ ಈ ಹುಡುಗಿಗೆ ಏನು ಹೇಳಲಿ?

ಉಡಿ ತುಂಬಿತು. ಚಿತ್ರ ದಾಟಿತು. ಹಿಂದಿನಂತೆಯೇ ಒಂಬತ್ತು ನಿಮಿಷಕ್ಕೆ, ಮತ್ತೆ ಅರವತ್ತೆರಡರಲ್ಲೇ, ಯಂತ್ರ ಆರಿತು. ಪರದೆಯ ಮೇಲೆ ಆಗ ಹೊಳಿಯಮ್ಮ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದಳು.

ಗೀತಾ ತಿರುಗಿ ನೋಡಿದಳು. “ಅತ್ತಿ, ಈಗ ನಿಮ್ಮ ಹೋಳಿಗಿಗೆ ಮಾಟ ಆತು ನೋಡ್ರಿ.”

“ಸುಮ್ಮನಿರ, ಬಾಯಿ ಭಾಳ ಆತು” ಎಂದ ಹೊಳಿಯಮ್ಮನಿಗೂ ನಗು ತಡೆಯಲಾಗಲಿಲ್ಲ. ಕೂದಲು ಕತ್ತರಿಸಲು ತಾನೇ ಕತ್ತರಿ ತಂದುಕೊಟ್ಟಳು. ಚಿಮಟದಿಂದ ಎಳೆ ಎಳೆಯಾಗಿ ತೆಗೆದು, ಬ್ರಷ್ ಆಡಿಸಿದೆ. ಫ್ಯಾನ್ ತಿರುಗಿತು. ಉಡಿಯನ್ನು ಅದರ ಜಾಗಕ್ಕೆ ಮರಳಿ ಇಟ್ಟು ರೆಂಡರ್ ಹಚ್ಚಿದೆ. ಅರವತ್ತೆರಡು ದಾಟಿ ನೂರಕ್ಕೆ ಹೋಯಿತು.

ಗೀತಾ ಪೂರ್ತಿ ನೋಡಿ ಎದ್ದಳು. “ಹನ್ನೆರಡೂವರಿ ಬಸ್ಸಿಗೆ ಹೋಗೂಣ ಅತ್ತಿ.” ಕೈ ಇನ್ನೂ ಹೊಟ್ಟೆಯ ಮೇಲೇ ಇತ್ತು. ನನಗೂ ಅಂಜಿಕೆ ಹೋಗಿರಲಿಲ್ಲ. ಕೊಪ್ಪಳದ ಯಂತ್ರ ಏನು ತೋರಿಸುತ್ತದೆ ಎಂದು ಮೊದಲೇ ತಿಳಿಯುವ ಪರೀಕ್ಷೆ ನನ್ನ ಬಳಿ ಯಾವುದೂ ಇರಲಿಲ್ಲ.

ನಾನು ಚಪ್ಪಲಿ ಹುಡುಕುತ್ತಿದ್ದಾಗ ಹೊಳಿಯಮ್ಮ ಮನೆಗೆ ಹೋಗಿ ಬಂದಳು. ಬರುತ್ತೀರಾ ಎಂದು ಕೇಳಲಿಲ್ಲ. ಮೂವರಿಗಾಗುವಷ್ಟು ರೊಟ್ಟಿ, ಪುಂಡಿಪಲ್ಯ ಕಟ್ಟಿದ ಬುತ್ತಿಯನ್ನು ನನ್ನ ಕೈಗೆ ಕೊಟ್ಟಳು.