ತಾಯಿಯ ಪಾತ್ರಕ್ಕೆ ಬಂದವಳು

ರಸೆಲ್ ಏಡ್ಸ್‌ನಿಂದ ಸತ್ತ. ಅವನ ತಂದೆ ಪತ್ರಿಕೆಯಲ್ಲಿ ನ್ಯುಮೋನಿಯಾ ಎಂದು ಹಾಕಿಸಿದ. ರಸೆಲ್ ಜೊತೆ ಹನ್ನೊಂದು ವರ್ಷ ಸಂಸಾರ ಮಾಡಿದ್ದ ಗ್ಯಾರೆತ್‌ನನ್ನು ಶವಸಂಸ್ಕಾರದ ದಿನ ಮನೆಯವರು ಚರ್ಚಿನ ಮೆಟ್ಟಿಲ ಮೇಲೆ ತಡೆದು ವಾಪಸು ಕಳಿಸಿದರು.

ಗ್ಯಾರೆತ್ ನಾಟಕ ಬರೆಯುವವನು. ತನಗೆ ಸಿಗದ ಆ ಶವಸಂಸ್ಕಾರವನ್ನೇ ನಾಟಕ ಮಾಡಿದ. ಬಂದರು ಊರಾದ ಪೋರ್ಟ್ ಕೆಂಬ್ಲಾದ ಕಾರ್ಮಿಕರ ಸಭಾಭವನದಲ್ಲಿ ನಾಳೆ ಅದರ ಮೊದಲ ಪ್ರದರ್ಶನ.

ತಂಡದಲ್ಲಿ ಏಳು ಜನ, ಹೆಚ್ಚಿನವರಿಗೆ ಅದೇ ಕಾಯಿಲೆ. ಯಾರು ಯಾವತ್ತು ಆಸ್ಪತ್ರೆ ಸೇರುತ್ತಾರೋ ಹೇಳಲಾಗದ ಆ ವರ್ಷ, 1988ರಲ್ಲಿ, ಎಲ್ಲರೂ ಎರಡೆರಡು ಪಾತ್ರ ಕಲಿತಿದ್ದರು. ಸತ್ತವನ ತಾಯಿಯ ಪಾತ್ರಕ್ಕೆ ಮಾತ್ರ ಯಾರೂ ಒಪ್ಪಿರಲಿಲ್ಲ. ಕೊನೆಗೆ ಭವನದ ಅಡುಗೆಮನೆಯಿಂದ ವೆಲಿಕಾ ಎಂಬ ಮ್ಯಾಸಿಡೋನಿಯಾದ ವಿಧವೆ ಕೈ ಒರೆಸಿಕೊಳ್ಳುತ್ತ ಬಂದು, “ಕೊಡಪ್ಪ, ನಾನು ಹೇಳ್ತೀನಿ” ಅಂದಿದ್ದಳು. ಮೂರು ವಾರ ಆಲೂಗಡ್ಡೆ ಸುಲಿಯುತ್ತಲೇ ಮಾತುಗಳನ್ನು ಬಾಯಿಪಾಠ ಮಾಡಿದಳು. ತಾಲೀಮು ಮುಗಿದ ಮೇಲೆ ಎಲ್ಲರಿಗೂ ಬೀನ್ಸ್ ಸಾರು ಬಡಿಸಿ, ಜ್ವರದಲ್ಲಿದ್ದವರ ಬಾಯಿಗೆ ತಾನೇ ಚಮಚ ಹಿಡಿಯುತ್ತಿದ್ದಳು. ಗ್ಯಾರೆತ್ ಅದನ್ನೇ ನೋಡುತ್ತ ನಿಲ್ಲುತ್ತಿದ್ದ. ರಕ್ತಸಂಬಂಧಿಗಳು ಕೈಬಿಟ್ಟ ಹೊತ್ತಿಗೆ ಎಲ್ಲಿಯವಳೋ ಒಬ್ಬಳು ಹೆಗಲು ಕೊಟ್ಟಿದ್ದಳು. ಈ ಋಣ ಯಾವ ಜನ್ಮಕ್ಕೆ ತೀರೀತು?

ಮಧ್ಯಾಹ್ನ ತಾಲೀಮಿನ ನಡುವೆ ಭವನದ ಕಾರ್ಯದರ್ಶಿ ಹ್ಯಾಸ್ಲಮ್ ಬಂದ.

“ರಸೆಲ್ ಅಪ್ಪ ಬಂದು ಕೂಗಾಡಿ ಹೋದ ಕಣಯ್ಯ. ನಾಟಕದಲ್ಲಿ ಅವನ ಮಗನ ಹೆಸರೊಂದು ಬದಲಾಯಿಸು, ಮುಗೀತು. ಇಲ್ಲಾಂದ್ರೆ ನಾಳೆ ಭವನ ಕೊಡಲ್ಲ.”

ದೀಪ ಕಟ್ಟುತ್ತಿದ್ದ ತಂಡದ ಮಿಕ್ ಏಣಿಯ ಮೇಲಿಂದಲೇ ಕೂಗಿದ: “ಹ್ಯಾಸ್ಲಮ್ ಅಂತ ಇಡೋಣ್ವಾ? ಹೆಣಕ್ಕೆ ಚೆನ್ನಾಗಿ ಒಪ್ಪುತ್ತೆ!”

ಎಲ್ಲರೂ ನಕ್ಕರು. ಮಿಕ್‌ನ ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ ಏಣಿ ಅಲುಗಾಡಿತು. ಗ್ಯಾರೆತ್ ಓಡಿ ಏಣಿ ಹಿಡಿದುಕೊಂಡ. ಬೇರೆ ಭವನ ಹುಡುಕುವಷ್ಟರಲ್ಲಿ ಇವರಲ್ಲಿ ಎಷ್ಟು ಜನ ಉಳಿದಿರುತ್ತಾರೆ? ಇಷ್ಟೆಲ್ಲ ಕೊಟ್ಟವರಿಗೆ ಒಂದು ಸಂಜೆ ರಂಗದ ಮೇಲೆ ನಿಲ್ಲುವ ಭಾಗ್ಯವೂ ಬೇಡವೇ?

“ಆಯ್ತು,” ಅಂದ ಅವನು. “ವೆಲಿಕಾ, ರಸೆಲ್ ಅನ್ನೋ ಕಡೆಯೆಲ್ಲ ಬರೀ ‘ಮಗನೇ’ ಅನ್ನಿ.”

ವೆಲಿಕಾ ರಟ್ಟಿನ ಶವಪೆಟ್ಟಿಗೆಯ ಪಕ್ಕದಿಂದ ಅಲುಗಲಿಲ್ಲ.

“ನನ್ನ ಗಂಡ ಸತ್ತಾಗ ಪಿಂಚಣಿ ಅರ್ಜಿ ಬರೆಯೋಕೆ ನಂಗೆ ಬರ್ತಿರಲಿಲ್ಲ. ಬಸ್ಸಲ್ಲಿ ಅಳ್ತಾ ಕೂತಿದ್ದೆ. ಗುರುತಿಲ್ಲ, ಪರಿಚಯ ಇಲ್ಲ, ಈ ಹುಡುಗ ರಸೆಲ್ ನಾಲ್ಕು ದಿನ ಕೆಲಸ ಬಿಟ್ಟು ನನ್ನ ಜೊತೆ ಕಚೇರಿಗೆ ಅಲೆದ.”

ಗ್ಯಾರೆತ್ ದಂಗಾದ. ರಸೆಲ್ ಇದನ್ನು ಅವನಿಗೆ ಎಂದೂ ಹೇಳಿರಲಿಲ್ಲ. ಸತ್ತವನಿಂದ ಈಗ ಮತ್ತೊಂದು ಉಡುಗೊರೆ ಬಂದಂತಾಯಿತು.

“ನೋಡಮ್ಮ,” ಹ್ಯಾಸ್ಲಮ್ ಸಿಡುಕಿದ, “ನಾಟಕ ಬರೆದೋನೇ ಒಪ್ಪಿದಾನೆ. ಹೇಳಿದಷ್ಟು ಮಾಡು.”

“ಬರೆದೋನು ಅವನು. ಹೇಳೋಳು ನಾನು.” ಅವಳು ಗ್ಯಾರೆತ್ ಕಡೆ ತಿರುಗಿದಳು. “ಬದಲಾಯಿಸಲ್ಲ, ಮಗನೇ. ಭವನ ಕೊಡದಿದ್ರೆ ಬೀದೀಲಿ ನಿಂತು ಹೇಳ್ತೀನಿ. ರಸೆಲ್ ಅಂತಾನೇ ಹೇಳ್ತೀನಿ.”