ಗುರುಸಿದ್ದಮ್ಮ ಹಿಡಿಯದ ವ್ರತ

ತಾನು ಸಮುದ್ರ ದಾಟುವುದಿಲ್ಲವೆಂದು ವ್ರತ ಹಿಡಿದಿರುವ ಸಂಗತಿ ಗುರುಸಿದ್ದಮ್ಮನಿಗೆ ಗೊತ್ತಾದದ್ದು ಹೂವಿನ ಹೊನ್ನಕ್ಕನಿಂದ.

ಸೋಮವಾರ ಬೆಳಿಗ್ಗೆ. ಪೂಜೆಗೆ ಹೂ ತರಲು ಅರಕಲಗೂಡಿನ ಪೇಟೆ ಬೀದಿಗೆ ಬಂದಿದ್ದಳು. ಹೊನ್ನಕ್ಕ ಅಳೆದ ಮೊಳದ ಮೇಲೆ ಇನ್ನೊಂದು ಮೊಳ ಎಳೆದು, ಕತ್ತರಿಸಿ, ಬಾಳೆಯೆಲೆಗೆ ಸುತ್ತಿ ಕೈಗಿಟ್ಟಳು. ಗುರುಸಿದ್ದಮ್ಮ ಚಿಲ್ಲರೆ ತೆಗೆದರೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ ಕಣವ್ವ. ವ್ರತ ಇಡ್ದಿರೋರ ತಾವ ಕಾಸು ಈಸ್ಕಂಡ್ರೆ ನಂಗೆ ಒಳ್ಳೇದಾದದಾ?"

"ಯಾವ ವ್ರತ?"

"ನೋಡು, ಮಾಡಿದ್ನ ಬಾಯಲ್ಲಿ ಯೋಳ್ಕಳಲ್ಲ ನೀನು! ಪುಕ್ಕಟೆ ಇಮಾನ ಅತ್ತಿಸ್ತೀವಿ ಬಾ ಅಂತ ಕಂಪ್ನಿಯೋರು ಕರುದ್ರೆ ಸಮುದ್ರ ದಾಟಾಕಿಲ್ಲ ಅಂತ ಲಿಂಗ ಮುಟ್ಟಿ ಯೋಳ್ಬುಟ್ಟಂತೆ. ನಿಮ್ ಮೇಷ್ಟ್ರೇ ಓಟ್ಲು ತಾವ ಯೋಳ್ತಿದ್ರು. ಕೇಳ್ದೋರೆಲ್ಲ ಕೈ ಮುಗುದ್ರು ಕಣವ್ವ."

ಗುರುಸಿದ್ದಮ್ಮ ಚಿಲ್ಲರೆಯನ್ನು ಬುಟ್ಟಿಯ ಅಂಚಿನಲ್ಲಿಟ್ಟು ನಡೆದಳು. ಹಿಂದಿನಿಂದ ಹೊನ್ನಕ್ಕ ಯಾರಿಗೋ ಹೇಳುತ್ತಿದ್ದಳು: "ನೋಡ್ದಾ, ಎಂಗವ್ರೆ!"

ಅವಳು ಮಾತು ಕಡಿಮೆಯ ಹೆಂಗಸು. ಅವಳ ಮೌನಕ್ಕೆ ಊರಿನವರು ತಮತಮಗೆ ಬೇಕಾದ ಅರ್ಥ ತುಂಬಿಕೊಳ್ಳುತ್ತಿದ್ದರು. ಅತ್ತೆ ಅದನ್ನು ಜಂಬ ಎಂದಿದ್ದರು. ರೈತರು ಗಾಂಭೀರ್ಯ ಎನ್ನುತ್ತಿದ್ದರು. ಗಂಡ ಚಂದ್ರಯ್ಯ ಒಪ್ಪಿಗೆ ಎಂದುಕೊಂಡು ಇಷ್ಟು ವರ್ಷ ಸುಖವಾಗಿ ಸಂಸಾರ ಮಾಡಿದ್ದ. ಇವಕ್ಕೆಲ್ಲ ಅವಳು ಒಗ್ಗಿಹೋಗಿದ್ದಳು. ಆದರೆ ತಾನು ಆಡದ ಮಾತನ್ನು, ಅದೂ ಲಿಂಗ ಮುಟ್ಟಿ, ತನ್ನ ಬಾಯಲ್ಲಿ ಆಡಿಸಿದ್ದು ಇದೇ ಮೊದಲು.

ರಾಮನಾಥಪುರದ ರಸ್ತೆಯಲ್ಲಿದ್ದ ಗೊಬ್ಬರ, ಬೀಜ, ಔಷಧಿ ಅಂಗಡಿಯ ಲೈಸೆನ್ಸು ಗುರುಸಿದ್ದಮ್ಮನ ಹೆಸರಿನಲ್ಲಿತ್ತು. ಚಂದ್ರಯ್ಯ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು. ಸರ್ಕಾರಿ ನೌಕರ ವ್ಯಾಪಾರ ಮಾಡುವಂತಿಲ್ಲ. ಹೆಸರು ಹೆಂಡತಿಯದಿರಲಿ, ಕೆಲಸ ತಾನು ನೋಡಿಕೊಳ್ಳುತ್ತೇನೆ ಎಂದೇ ಅವನು ಬಾಗಿಲು ತೆರೆಸಿದ್ದು. ಆದರೆ ರೈತರು ಬರುವ ಹೊತ್ತಿಗೆ ಮೇಷ್ಟ್ರು ಶಾಲೆಯಲ್ಲಿರುತ್ತಿದ್ದರು. ಗಲ್ಲಾದ ಮುಂದೆ ಕೂತವಳು ಗುರುಸಿದ್ದಮ್ಮ. ಹೊಗೆಸೊಪ್ಪಿನ ಸಸಿಮಡಿ ಹಾಕುವ ಕಾಲದಲ್ಲಿ ಮಧ್ಯಾಹ್ನದ ಊಟವನ್ನು ಅಂಗಡಿಯಲ್ಲೇ ನಿಂತು ಮಾಡಿದವಳು, ಯಾರ ಹೊಲಕ್ಕೆ ಏನು ಹೊಂದುತ್ತದೆಂದು ಕೇಳಿ, ನೋಡಿ, ತಪ್ಪಿ, ಕಲಿತವಳು ಅವಳು. ಎರಡು ಸಾವಿರದ ಮೂರನೇ ಇಸವಿಯಲ್ಲಿ ಔಷಧಿ ಕಂಪನಿಯೊಂದು ಜಿಲ್ಲೆಯಲ್ಲಿ ಹೆಚ್ಚು ಮಾರಿದ ಡೀಲರುಗಳನ್ನು ದೀಪಾವಳಿಯ ನಂತರ ಐದು ದಿನ ಸಿಂಗಪುರಕ್ಕೆ ಕರೆದೊಯ್ಯುತ್ತೇವೆ ಎಂದಿತು. ಅರಕಲಗೂಡಿನಿಂದ ಬಂದದ್ದು ಒಂದೇ ಹೆಸರು, ಅವಳದು.

ಅಂದಿನಿಂದ ಚಂದ್ರಯ್ಯ ಸಂಜೆ ಶಾಲೆ ಮುಗಿಸಿ ನೇರ ಅಂಗಡಿಗೆ ಬಂದು, ಮೂಟೆಗಳ ಪಕ್ಕದ ಬೆಂಚಿನ ಮೇಲೆ ಅಟ್ಲಾಸು ಹರಡಿಕೊಂಡು ಕೂರುತ್ತಿದ್ದ. ಎಷ್ಟೋ ವರ್ಷ ಮಕ್ಕಳಿಗೆ ಕೋಲು ತೋರಿಸಿ ಹೇಳಿದ ಭೂಪಟ ಈಗ ಮನೆಯ ವಿಷಯವಾಗಿತ್ತು. ಮೊದಲ ದಿನ ಸೆಂಟೋಸ. ಅದೊಂದು ದ್ವೀಪ, ಕೆಳಗೆ ಬಂದರು, ಹಡಗು, ಮೇಲೆ ಹಗ್ಗಕ್ಕೆ ಕಟ್ಟಿದ ಪೆಟ್ಟಿಗೆಯಲ್ಲಿ ಕೂತು ದಾಟಬೇಕು. ಎರಡನೇ ದಿನ ಬೆಳಿಗ್ಗೆ ಹಕ್ಕಿಗಳ ಪಾರ್ಕು. ಊಟದ ಮೇಲೆ ಬಿಸಿಲು, ಆಗ ಮ್ಯೂಸಿಯಂ. ಸಿಂಹದ ತಲೆಯ ಮೀನಿನ ಪ್ರತಿಮೆಯನ್ನು ಸಂಜೆ ದೀಪ ಹಚ್ಚಿದ ಮೇಲೆ ನೋಡಿದರೇ ಚೆನ್ನ. ಅಂಗಡಿಗೆ ಬಂದ ರೈತರನ್ನೂ ನಿಲ್ಲಿಸಿಕೊಂಡು ಹೇಳುತ್ತಿದ್ದ. ಗುರುಸಿದ್ದಮ್ಮ ತೂಕ ಹಾಕುತ್ತ, ಬಿಲ್ಲು ಬರೆಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಈ ಮನುಷ್ಯ ತನಗಾಗಿ ಇಷ್ಟು ಯೋಚಿಸುತ್ತಿದ್ದಾನಲ್ಲ ಎಂದು ಒಳಗೇ ಮೆತ್ತಗಾಗಿದ್ದಳು. ಆ ಹಗ್ಗದ ಪೆಟ್ಟಿಗೆಯಲ್ಲಿ ಕೂತಾಗ ಕಿಟಕಿ ತೆರೆಯುತ್ತದೋ ಇಲ್ಲವೋ ಎಂದು ಕೇಳಬೇಕೆನಿಸಿ, ಆಮೇಲೆ ಕೇಳಿದರಾಯಿತೆಂದು ಸುಮ್ಮನಾಗಿದ್ದಳು.

ಆ ಯೋಚನೆ ತನಗಾಗಿ ಅಲ್ಲ, ತನ್ನ ಬದಲು ಹೋಗಲಿರುವ ಮೈದುನನಿಗಾಗಿ ಎಂದು ಈಗ ಹೂವಿನ ಪೊಟ್ಟಣ ಹಿಡಿದು ನಡೆಯುವಾಗ ಅವಳಿಗೆ ಅರ್ಥವಾಯಿತು. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಬಸವರಾಜು ಹಿಂದಿನ ದಿನ, ಭಾನುವಾರ, ಬಂದು ಬೆಂಚಿನ ಮೇಲೆ ಅಣ್ಣನ ಜೊತೆ ಕೂತಿದ್ದ. "ಹಕ್ಕಿ ಪಾರ್ಕು ಬ್ಯಾಡ ಬುಡಣ್ಣ, ನಮ್ ತ್ವಾಟದಲ್ಲೇ ಗಿಣಿ ಕಾಟ ತಡ್ಕಳಕಾಗಲ್ಲ" ಎಂದಿದ್ದ. "ರಾತ್ರಿ ಹೊತ್ತು ಕಾಡುಪ್ರಾಣಿ ತೋರಿಸ್ತಾರಂತಲ್ಲೋ" ಎಂದು ಅಣ್ಣ ಹೇಳಿದರೆ, "ಅದಕ್ಕೆ ಸಿಂಗಪುರ ಯಾಕೆ? ಸಕಲೇಶಪುರದ್ ಕಡೆ ಹೋದ್ರೆ ಆನೇನೇ ಎದುರಿಗೆ ಬತ್ತದೆ. ಬಜಾರಿಗೆ ಒಂದಿನ ಪೂರಾ ಇಡು" ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ಅತ್ತಿಗೆಯನ್ನು ಗೇಲಿ ಮಾಡುತ್ತಿದ್ದಾನೆಂದು ತಿಳಿದು ನಕ್ಕಿದ್ದಳು! ಆ ನಗು ಈಗ ಅವಳ ಮುಖವನ್ನು ಸುಟ್ಟಿತು.

ಪೂಜೆ ಮುಗಿಸಿ ಗಂಡನಿಗೆ ರೊಟ್ಟಿ ಬಡಿಸುವಾಗ ಕೇಳಿದಳು. "ನಾನು ಯಾವಾಗ ವ್ರತ ಹಿಡಿದೆ?"

ಚಂದ್ರಯ್ಯ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಲಿಲ್ಲ. "ಅಯ್ಯೋ, ಸುಮ್ನೆ ಒಂದು ಮಾತಿಗೆ ಹೇಳಿದ್ದು ಕಣೇ."

"ಲಿಂಗ ಮುಟ್ಟಿದೆ ಅಂತಾನೂ ಒಂದು ಮಾತಿಗಾ?"

"ನೋಡು, ನಾನಂತೂ ಹೋಗೋ ಹಂಗಿಲ್ಲ. ಇಲಾಖೆ ಪರ್ಮಿಷನ್ ಕೇಳಿದ್ರೆ ಅಂಗಡಿ ಸಮಾಚಾರ ಈಚೆಗೆ ಬತ್ತದೆ. ನೀನೊಬ್ಳೇ ಹೋದ್ರೆ ಜನ ಏನಂತಾರೆ? ಹೋಗ್ಲಿಲ್ಲ ಅಂದ್ರೆ ಗಂಡ ಬಿಡ್ಲಿಲ್ಲ ಅಂತ ನನ್ನ ಆಡ್ಕೊತಾರೆ. ವ್ರತ ಅಂದ್ರೆ ಯಾರೂ ಎದುರು ಮಾತಾಡಲ್ಲ. ನಿನಗೂ ಮರ್ಯಾದೆ."

"ಸಮುದ್ರ ದಾಟಬಾರದು ಅಂತ ನಮ್ಮಲ್ಲಿ ಯಾವ ಶಾಸ್ತ್ರ ಇದೆ? ನಮ್ಮ ಮಠದ ಸ್ವಾಮಿಗಳೇ ಅಮೆರಿಕಕ್ಕೆ ಹೋಗಿ ಬಂದ್ರು. ಅವರಿಗಿಲ್ಲದ ವ್ರತ ನನಗೆಲ್ಲಿಂದ ಬಂತು?"

"ಅಲ್ಲ ಕಣೇ, ನೀನು ಹೋಗಿ ಅಲ್ಲಿ ನೋಡೋದಾದ್ರೂ ಏನು?"

ಅವಳಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಏರಿತು. ಬಸವರಾಜುವನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಹಕ್ಕಿ ಬೇಡ, ಪ್ರಾಣಿ ಬೇಡ ಎನ್ನುವವನಿಗೆ ಏನಾದರೂ ತೋರಿಸಲೇಬೇಕೆಂದು ಅಟ್ಲಾಸು ಹಿಡಿದು ಹುಡುಕುತ್ತಿದ್ದರು. ಅವಳು ಮಾತ್ರ ಮೊದಲು ಕಾರಣ ಕೊಡಬೇಕು.

"ಇಷ್ಟು ದಿನ ಹೋಗ್ತೀನಿ ಅಂತ ಒಂದು ಮಾತು ಆಡಿದ್ಯಾ ನೀನು?" ಎಂದು ಚಂದ್ರಯ್ಯ ಕೈ ತೊಳೆದು ಎದ್ದ. "ಇವತ್ತು ಮಧ್ಯಾಹ್ನ ಕಂಪನಿ ಹುಡುಗ ಬತ್ತಾನೆ. ಸುಮ್ನೆ ಹೂಂ ಅನ್ನು ಸಾಕು."

ಮಧ್ಯಾಹ್ನ ಹಾಸನದಿಂದ ಕಂಪನಿಯ ಪ್ರತಿನಿಧಿ ಕೇದಾರ್ ಬೈಕಿನಲ್ಲಿ ಬಂದ. ಬಸವರಾಜು ಇಸ್ತ್ರಿಯಾದ ಅಂಗಿ ಹಾಕಿ ಆಗಲೇ ಬೆಂಚಿನ ಮೇಲಿದ್ದ. ಚಂದ್ರಯ್ಯ ಅರ್ಧ ದಿನ ರಜೆ ಹಾಕಿದ್ದ. ಹೊಗೆಸೊಪ್ಪಿನ ಎಲೆಗೆ ಚುಕ್ಕೆ ಬಿದ್ದಿದೆಯೆಂದು ಔಷಧಿಗೆ ಬಂದ ಮಂಚಯ್ಯ, ಗಂಡಸರ ಗುಂಪು ಕಂಡು ಔಷಧಿ ಮರೆತು ಮೂಟೆಯ ಮೇಲೆ ಕೂತ.

ಕೇದಾರ್ ಗಲ್ಲಾದ ಮುಂದೆ ನಿಂತು ಕೈ ಮುಗಿದ. "ಅಮ್ಮ, ನಿಮ್ಮ ವ್ರತದ ವಿಷಯ ಕೇಳಿ ತುಂಬ ಗೌರವ ಬಂತು. ಈ ಕಾಲದಲ್ಲಿ ಯಾರಿದ್ದಾರೆ ಹೀಗೆ? ನಿಮ್ಮ ಬದಲು ಮೈದುನರ ಹೆಸರು ಹಾಕೋದಕ್ಕೆ ನೀವೇ ಒಂದು ಮಾತು ಹೇಳಬೇಕಂತೆ. ಅಷ್ಟೇ."

"ಹೇಳೋದೇನು, ಒಪ್ಪಿಗೆ ಐತೆ. ಅವಳು ಮಾತು ಕಮ್ಮಿ" ಎಂದ ಚಂದ್ರಯ್ಯ.

"ಮಾತಾಡಿಸ್ಬ್ಯಾಡಿ ಸಾ, ವ್ರತದೋರು" ಎಂದ ಮಂಚಯ್ಯ.

ಎಲ್ಲರೂ ಅವಳ ಕಡೆ ಭಕ್ತಿಯಿಂದ ನೋಡಿದರು. ಆ ಭಕ್ತಿಯೇ ಅವಳಿಗೆ ತಡೆಯಲಾಗಲಿಲ್ಲ. ಹೋಗಬೇಡ ಎಂದು ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಇವರು ಕೈಯಿಂದ ಕಿತ್ತುಕೊಂಡು, ಕೊಟ್ಟವಳು ನೀನೇ ಎಂದು ಕಾಲಿಗೂ ಬೀಳುತ್ತಿದ್ದರು.

"ನನಗೆ ಯಾವ ವ್ರತಾನೂ ಇಲ್ಲ" ಎಂದಳು.

ಬಸವರಾಜು ಜೋರಾಗಿ ನಕ್ಕ. "ಅತ್ತಿಗೆ ತಮಾಷೆ ಮಾಡ್ತಾವ್ರೆ ಸಾ."

"ತಮಾಷೆ ಅಲ್ಲ ಬಸವರಾಜು. ಲಿಂಗ ಮುಟ್ಟಿ ಹೇಳಿದೆ ಅಂತ ನಿಮ್ಮಣ್ಣ ಹೋಟ್ಲಲ್ಲಿ ಹೇಳ್ಕೊಂಡು ಬಂದಿದ್ದಾರೆ. ಲಿಂಗ ಇರೋದು ನನ್ನ ಕೊರಳಲ್ಲಿ. ಮುಟ್ಟಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ?"

ಚಂದ್ರಯ್ಯನ ಮುಖ ಬಿಳುಚಿಕೊಂಡಿತು. "ಮನೆಗೆ ನಡಿ. ಅಲ್ಲಿ ಮಾತಾಡಣ."

"ಮನೇಲಿ ಬೆಳಿಗ್ಗೆ ಮಾತಾಡಿ ಆಯ್ತಲ್ಲ. ಸುಳ್ಳು ಹೇಳಿದ್ದು ನಾಲ್ಕು ಜನರ ಮುಂದೆ. ನಿಜಾನೂ ಅಲ್ಲೇ ಹೇಳ್ತೀನಿ. ನಾನು ಸಿಂಗಪುರಕ್ಕೆ ಹೋಗ್ತೀನಿ ಕೇದಾರ್. ಪಾಸ್‌ಪೋರ್ಟಿಗೆ ಏನೇನು ಬೇಕು ಹೇಳಿ."

ಮಂಚಯ್ಯ ಒಬ್ಬೊಬ್ಬರ ಮುಖ ನೋಡಿದ. "ಅಂಗಾರೆ ವ್ರತ ಇಡ್ದಿದ್ದು ಯಾರು?"

ಕೇದಾರ್ ಬೆವರು ಒರೆಸಿಕೊಂಡು, ಹೇಗಾದರೂ ಮಾತು ತಿರುಗಿಸಲು, ಪ್ರವಾಸದ ವಿವರ ತೆಗೆದ. "ಎಲ್ಲ ಕಂಪನಿಯವರೇ ತೋರಿಸ್ತಾರಮ್ಮ. ಒಂದು ದಿನ ಮಾತ್ರ ನಿಮ್ಮಿಷ್ಟ. ಹಕ್ಕಿ ಪಾರ್ಕು, ಮ್ಯೂಸಿಯಂ, ಶಾಪಿಂಗು, ಯಾವುದು ಹಾಕಲಿ?"

"ಆ ಹಗ್ಗದ ಮೇಲೆ ಹೋಗೋದು?"

"ಕೇಬಲ್ ಕಾರಾ? ಮೊದಲ ದಿನಾನೇ ಇದೆ."

"ಹಾಗಾದ್ರೆ ಆ ಒಂದು ದಿನ ಖಾಲಿ ಬಿಡಿ. ಏನೂ ಹಾಕಬೇಡಿ."

ಚಂದ್ರಯ್ಯನಿಗೆ ತಡೆಯಲಾಗಲಿಲ್ಲ. ಅವಮಾನದ ನಡುವೆಯೂ ಅವನೊಳಗಿನ ಮೇಷ್ಟ್ರು ಎದ್ದು ಕೂತರು. "ಖಾಲಿನಾ? ಅಷ್ಟು ದೂರ ಹೋಗಿ ಒಂದಿನ ಪೂರಾ ಸುಮ್ನೆ ಕೂತ್ಕೊತೀಯಾ?"

"ಹೌದು. ಸುಮ್ನೆ ಕೂತ್ಕೊತೀನಿ."

"ಮತ್ತೆ ಅಂಗಡಿ ಯಾರು ನೋಡ್ಕೊತಾರೆ?"

"ಬಸವರಾಜು ಐದು ದಿನ ಬಿಡುವು ಮಾಡ್ಕೊಂಡಿದ್ದಾನಲ್ಲ. ಅವನು ಕೂರಲಿ."

ಬಸವರಾಜು ಎದ್ದು ಚಪ್ಪಲಿ ಮೆಟ್ಟಿದ. "ನನ್ನ ಕರೆಸಿ ಮರ್ಯಾದೆ ತೆಗ್ಸ್ಬುಟ್ಟೆ ಕಣಣ್ಣ" ಎಂದು, ಅತ್ತಿಗೆಯ ಕಡೆ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಅವಳು ಮಂಚಯ್ಯನಿಗೆ ಔಷಧಿ ಕೊಟ್ಟು, ಎಷ್ಟು ನೀರಿಗೆ ಎಷ್ಟು ಎಂದು ಎಂದಿನಂತೆ ಹೇಳಿದಳು. ಅವನು ಸರಿಯಾಗಿ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವನಿಗೆ ಬೇಗ ಊರು ಮುಟ್ಟಬೇಕಿತ್ತು.

ವಾರದೊಳಗೆ ಸುದ್ದಿ ಹಬ್ಬಿತು. ಆದರೆ ಹಬ್ಬಿದ್ದು ಅವಳು ಹೇಳಿದ್ದಲ್ಲ. ಮೇಷ್ಟ್ರ ಹೆಂಡತಿ ವ್ರತ ಮುರಿದಳಂತೆ, ಲಿಂಗ ಮುಟ್ಟಿ ಹೇಳಿದ್ದನ್ನು ಸಿಂಗಪುರದ ಆಸೆಗೆ ತಪ್ಪಿದಳಂತೆ. ಇಲ್ಲದ ವ್ರತವನ್ನು ಮುರಿಯುವುದಾದರೂ ಹೇಗೆ? ದೇವಸ್ಥಾನದಲ್ಲಿ ಹೆಂಗಸರು ಅವಳಿಗೆ ಜಾಗ ಬಿಟ್ಟು ಸರಿದು ಕೂತರು. ಅವಳು ಅಲ್ಲೂ ಹೇಳಿದಳು, ನಾನು ವ್ರತ ಹಿಡಿದಿರಲಿಲ್ಲ ಅಂತ. ಎಲ್ಲರೂ ತಲೆಯಾಡಿಸಿದರು. ಯಾರೂ ನಂಬಲಿಲ್ಲ. ಮೇಷ್ಟ್ರು ಯಾಕೆ ಸುಳ್ಳು ಹೇಳುತ್ತಾರೆ?

ಮಾತು ಬಿಟ್ಟಿದ್ದ ಚಂದ್ರಯ್ಯ ಒಂದು ಬೆಳಿಗ್ಗೆ ಬಾಗಿಲಲ್ಲಿ ಬಂದು ನಿಂತ. ದನಿ ಮೆತ್ತಗಿತ್ತು. "ಒಂದು ದಾರಿ ಐತೆ. ಮಠಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದ್ಬಿಡು. ಸ್ವಾಮಿಗಳು ವಿಭೂತಿ ಕೊಡ್ತಾರೆ. ವ್ರತ ಬಿಡಿಸಿದಂಗಾಯ್ತು, ಜನದ ಬಾಯೂ ಮುಚ್ಚಿದಂಗಾಯ್ತು. ಆಮೇಲೆ ಹೋಗು, ನಾನು ಬೇಡ ಅನ್ನಲ್ಲ."

"ಯಾವ ತಪ್ಪಿಗೆ?"

"ಅದೇ ಕಣೇ. ಹೆಸರಿಗೆ."

"ಲೈಸೆನ್ಸೂ ಹೆಸರಿಗೆ ಅಂದ್ರಿ. ವ್ರತಾನೂ ಹೆಸರಿಗೆ. ಈಗ ತಪ್ಪೂ ನನ್ನ ಹೆಸರಿಗೇನಾ?"

"ನಿನಗೇನು ಹೋಗತ್ತೆ? ಹುಂಡಿಗೆ ಹಾಕಿ ಕೈ ಮುಗಿದ್ರೆ ಮುಗೀತು. ನನ್ನ ಮುಖಾನೂ ಸ್ವಲ್ಪ ನೋಡು."

ನೋಡಿದಳು. ಅವನು ನಿಜವಾಗಿ ಬೇಡುತ್ತಿದ್ದ. ಎಷ್ಟೋ ವರ್ಷದಲ್ಲಿ ಅವನು ಅವಳನ್ನು ಏನನ್ನಾದರೂ ಕೇಳಿದ್ದು ಇದೇ ಮೊದಲಿರಬೇಕು, ಮತ್ತು ಕೇಳಿದ್ದು ಇದನ್ನು.

"ನೀವು ಹಾಕಿ. ಹೇಳಿದವರು ನೀವು" ಎಂದಳು.

ಅವನು ಒಳಗೆ ಹೋದ. ಮಠಕ್ಕೂ ಹೋಗಲಿಲ್ಲ, ಶಾಲೆಗೂ ಹೋಗಲಿಲ್ಲ. ಅವಳು ಬಾಗಿಲೆಳೆದುಕೊಂಡು ಫೋಟೋ ಸ್ಟುಡಿಯೋಗೆ ನಡೆದಳು. ಪಾಸ್‌ಪೋರ್ಟಿಗೆ ಭಾವಚಿತ್ರ ಕೇಳಿದ್ದರು. ಫೋಟೋದವನು ದೀಪ ಸರಿಮಾಡಿ, ಬಿಳಿ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿ, "ಸ್ವಲ್ಪ ನಗಿ ಅಮ್ಮ, ಫಾರಿನ್‌ಗೆ ಹೋಗೋರು" ಎಂದ.

ಅವಳು ಕ್ಯಾಮೆರಾವನ್ನು ನೆಟ್ಟಗೆ ನೋಡಿದಳು. ನಗು ಬರಲಿಲ್ಲ. ತರಿಸಿಕೊಳ್ಳಲೂ ಇಲ್ಲ.

"ಹೀಗೇ ತೆಗಿ" ಎಂದಳು.